ಬಿಕ್ಕಳಿಕೆಯ ಲೆಕ್ಕ

ಆನೆಗುಂದಿಯ ಕೆಳಗೆ, ಹೊಳೆ ಎರಡಾಗಿ ಸೀಳುವಲ್ಲಿ
ಒಂದು ಬೋಳು ಬಂಡೆ.
ಬೆಳಗಿನ ಆರಕ್ಕೆ ಅದರ ಮೇಲೆ ಮೊಣಕಾಲೂರಿ
ನೀರುನಾಯಿಯ ಹಿಕ್ಕೆ ಹೆಕ್ಕುತ್ತೇನೆ
ಚಮಚದಿಂದ, ಹಾರ್ಲಿಕ್ಸ್ ಬಾಟಲಿಗೆ.
ಹಸಿಯದ್ದು ಕಪ್ಪು ಮಿರಮಿರ, ಒಣಗಿದ್ದು ಬೂದಿ.
ಎರಡರಲ್ಲೂ ಜಿಲೇಬಿ ಮೀನಿನ ಹುರುಪೆ,
ಏಡಿಯ ಕಾಲಿನ ಚೂರು,
ಒಮ್ಮೆ ಯಾರದೋ ಬಲೆಯ ನೀಲಿ ಎಳೆ.

ಅದು ತನ್ನದೇ ಬಲೆ ಎಂದು ಗುರುತು ಹಿಡಿದವನು
ಯಮನೂರಪ್ಪ.
ಹುಟ್ಟು ಅಡ್ಡ ಇಟ್ಟು, ಹರಗೋಲಿನಲ್ಲಿ ಬೀಡಿ ಹಚ್ಚಿ ಕೇಳಿದ:
"ಇದನ್ನ ಒಯ್ದು ಏನ್ ಮಾಡ್ತೀರಿ ಮೇಡಮ್ಮಾರ?"
ಬರೀತೀನಿ.
"ಯಾತರಾಗ?"
ಒಂದು ಪತ್ರಿಕೆ ಐತಿ.
ಮೊಲೆಹಾಲು ಕುಡಿದು ಬೆಳೆದ ಪ್ರಾಣಿಗಳ ಸುದ್ದಿ
ಅಷ್ಟೇ ಹಾಕ್ತಾರ ಅದ್ರಾಗ.
ಮೀನಿಗೆ ಜಾಗ ಇಲ್ಲ, ಮೊಸಳಿಗೆ ಇಲ್ಲ,
ಕೊಕ್ಕರಿಗೆ ಬ್ಯಾರೆ ಪತ್ರಿಕೆ.
ಇಲಿಯ ಹಲ್ಲು, ಬಾವಲಿಯ ಕಿವಿ,
ತೋಳ ಎಷ್ಟು ದೂರ ನಡೀತು, ಕರಡಿ ಏನು ತಿಂತು.
ಅವನು ಹೊಗೆ ಬಿಟ್ಟ.
"ಹಂಗಾರ ನಾವೂ ಬರ್ತೀವಿ ಅದ್ರಾಗ."
ಬರಬೇಕು. ಯಾಕೋ ಬಂದಿಲ್ಲ.

ಗಂಗಾವತಿಯ ಕಾಲೇಜಿನಲ್ಲಿ ಪ್ರಿನ್ಸಿಪಾಲರು
ಪತ್ರಿಕೆಯ ಹೆಸರು ಕೇಳಲಿಲ್ಲ, ನಂಬರು ಕೇಳಿದರು.
ಎರಡು ಪಾಯಿಂಟ್ ಒಂದು, ಅಂದೆ.
"ಪರವಾಗಿಲ್ಲ" ಅಂದರು,
ಬೇರೆಯವರ ಮಗನ ಅಂಕಪಟ್ಟಿ ನೋಡಿದ ಹಾಗೆ.

ಆ ನಂಬರನ್ನೂ ಯಮನೂರಪ್ಪನಿಗೆ ಬಿಡಿಸಬೇಕಾಯಿತು:
ಎರಡು ವರ್ಷದಾಗ ಅಲ್ಲಿ ಬಂದ ಬರಹಗಳನ್ನ
ಮುಂದಿನ ವರ್ಷ ಬರೆಯುವವರು ಎಷ್ಟು ಸಲ ನೆನಸಿದ್ರು,
ಅದನ್ನ ಬರಹಕ್ಕ ಇಷ್ಟು ಅಂತ ಹಂಚಿದ್ರ ಬರೂದು.
"ನೆನಸಿದ್ರ ಬಿಕ್ಕಳಿಕಿ ಬರ್ತಾವ.
ಹಂಗಾರ ಬಿಕ್ಕಳಿಕಿ ಲೆಕ್ಕ ಅನ್ರಿ ಇದು."
ಅನ್ನಬಹುದು.
"ತಲಿಗೆ ಎರಡು ಬಿಕ್ಕಳಿಕಿ. ಆ ಪಾಯಿಂಟ್ ಒಂದು?"
ನಾನು ಬಾಯಿ ತೆರೆಯುವ ಮೊದಲೇ ಅವನೇ ಅಂದ:
"ಬರಬೇಕು ಅನ್ನೂದ್ರಾಗ ನೀರು ಕುಡದಿರಬೇಕು."

ಎರಡನೆಯ ಪರೀಕ್ಷಕರು, ಹೆಸರು ಹೇಳದವರು, ಕೇಳಿದ್ದರು:
ಒಂದೇ ಹೊಳೆ, ಒಂದೇ ಬಂಡೆ, ಒಂದೇ ಒಂದು ತೆಪ್ಪ.
ಜಗತ್ತಿನ ಓದುಗರಿಗೆ ಇದರಿಂದ ಏನು?
ಉತ್ತರ ಹೊಸೆಯಲು ಆರು ತಿಂಗಳು.
ಅಷ್ಟರಲ್ಲಿ ಡ್ಯಾಮಿನ ಗೇಟು ಎತ್ತಿದರು,
ಬಂಡೆ ಮುಳುಗಿತು, ಎದ್ದಿತು,
ತೊಳೆದ ಪಾಟಿಯ ಹಾಗೆ ಒಂದಕ್ಷರವಿಲ್ಲದೆ.
ನಾಲ್ಕನೆಯ ದಿನ ಮೂಲೆಯಲ್ಲಿ ಒಂದು ಹಿಕ್ಕೆ.
ಅದನ್ನು ಉತ್ತರದಲ್ಲಿ ಬರೆದೆ. ಒಪ್ಪಿದರು.

ಅಚ್ಚಾದದ್ದು ಒಂಬತ್ತು ಪುಟ. ಕೊನೆಯಲ್ಲಿ
ಇರುವೆ ಸಾಲಿನಂಥ ಅಕ್ಷರದಲ್ಲಿ ಕೃತಜ್ಞತೆ:
ವೈ. ಅಮನೂರ್ ಅವರಿಗೆ.
ಯಾರೋ ಅವನ ಹೆಸರನ್ನು ಒಡೆದು
ಮೊದಲ ಅಕ್ಷರವನ್ನು ಅಪ್ಪನ ಹೆಸರು ಮಾಡಿದ್ದರು.
ಓದಿ ಹೇಳಿದೆ. ಬಹಳ ಹೊತ್ತು ಹೊಳೆ ನೋಡಿದ.
"ಯಾರ್ರೀ ಇವ ಅಮನೂರ? ನಮ್ಮ ದಂಡಿಮ್ಯಾಗ ಇಲ್ಲ.
ಇರ್ಲಿ ಬಿಡ್ರಿ, ಬಿಕ್ಕಳಿಕಿ ಅವಗs ಹೋಗ್ಲಿ."

ಒಂದು ವರ್ಷ, ಸೊನ್ನೆ.
ಎರಡು, ಸೊನ್ನೆ.
ನಾಲ್ಕನೆಯ ವರ್ಷ ಹಿಮ ಬೀಳುವ ನಾಡಿನಿಂದ
ಯಾರೋ ಒಬ್ಬಳು ನೆನೆದಳು.
ನೀರುನಾಯಿಗಲ್ಲ, ಹೊಳೆಗಲ್ಲ,
ಹಿಕ್ಕೆ ತೊಳೆದ ಜರಡಿಗೆ, ಅದರ ಕಣ್ಣಿನ ಅಳತೆಗೆ.
ಎರಡು ವರ್ಷ ದಾಟಿದ್ದರಿಂದ
ಆ ನೆನಪು ನಂಬರಿಗೆ ಸೇರುವುದಿಲ್ಲ.
ಮತ್ತು ಆ ಜರಡಿ ನನ್ನದಲ್ಲ,
ಯಮನೂರಪ್ಪನ ಹೆಂಡತಿ ಹುಲಿಗೆವ್ವನದು.
ಜೋಳದ ಹಿಟ್ಟು ಜಾಲಿಸುವುದು.
ನಾನು ಕೇಳಿ ಒಯ್ದ ಮೇಲೆ
ಅವಳು ಅದನ್ನು ವಾಪಸು ತಗೊಳ್ಳಲಿಲ್ಲ.

ಇವತ್ತು ಸಂಜೆ ಬಂಡೆಗೆ ಐದು ಬಂದವು.
ಮೈ ಕೊಡವಿ, ಕಲ್ಲಿಗೆ ಹೊಟ್ಟೆ ಉಜ್ಜಿ,
ದೊಡ್ಡದು ಹಳೆಯ ಹಿಕ್ಕೆಯ ಹತ್ತಿರ ಹೋಯಿತು.
ಮೂಸಿತು, ಅವಸರವಿಲ್ಲದೆ, ಕೊನೆಯವರೆಗೆ.
ತಿರುಗಿ ಬಾಲ ಎತ್ತಿ
ಅದರ ಮೇಲೆಯೇ ತನ್ನದೊಂದು ಇಟ್ಟು ನೀರಿಗಿಳಿಯಿತು.
ಆಮೇಲೆ ಇನ್ನೊಂದು. ಆಮೇಲೆ ಮರಿ.

ಮಬ್ಬಿನಲ್ಲಿ ಬಲೆಯ ತೂತು ಹೊಲಿಯುತ್ತಿದ್ದವನನ್ನು ಕೇಳಿದೆ:
ಹುಲಿಗೆವ್ವಗ ಈಚೀಚೆ ಬಿಕ್ಕಳಿಕಿ ಬಂದಿದ್ವೇನು?
ಬಾಯಲ್ಲಿದ್ದ ದಾರ ತೆಗೆಯದೆ ಅಂದ:
"ಮೊನ್ನಿ ರಾತ್ರಿ ಬಂದಿದ್ವು.
ಚಟ್ನ್ಯಾಗ ಖಾರ ಹೆಚ್ಚಾಗಿತ್ತು, ಅಂದ್ಲು."