ಖಡಕಿಯ ಆವರಿಕೆ

ಬೀಜ ಗಟ್ಟಿ. ಹಾಗೇ ಹೂತರೆ
ವರುಷವಾದರೂ ಕಣ್ಣು ಬಿಡುವುದಿಲ್ಲ.
ಅಜ್ಜನ ಸಾಣೆಕಲ್ಲು ತೆಗೆದೆ,
ರಂಪಿಗೆ ಮಸೆದು ಮಸೆದು ನಡು ಸವೆದು
ದೋಣಿಯಾದ ಕಲ್ಲು.
ಅಥಣಿಯಿಂದ ಪುಣೆಗೆ ನನ್ನ ಜೊತೆ ಬಂದದ್ದು
ಅದೊಂದು, ಮತ್ತೊಂದು ತಾಮ್ರದ ಚರಿಗೆ.
ಒಂದೊಂದೇ ಬೀಜದ ಬೆನ್ನು ಉಜ್ಜಿದೆ,
ಉಗುರೂ ಸ್ವಲ್ಪ ಹೋಯಿತು.
ರಾತ್ರಿಯೆಲ್ಲ ಬಿಸಿನೀರಲ್ಲಿ ನೆನೆದು
ಬೆಳಗ್ಗೆ ಹನ್ನೊಂದರಲ್ಲಿ ಏಳು ಉಬ್ಬಿದ್ದವು.

ಕ್ವಾರ್ಟರಿನ ಪಡುವಣ ಗೋಡೆ
ಮಧ್ಯಾಹ್ನ ಮೂರಕ್ಕೆ ಮುಟ್ಟಿದರೆ ರೊಟ್ಟಿಹಂಚು.
ಅದರ ಬುಡದಲ್ಲಿ ಸತ್ತವು ಎರಡು ಗುಲಾಬಿ,
ಒಂದು ದುಂಡುಮಲ್ಲಿಗೆ,
ಸಾಹೇಬರು ಕೊಟ್ಟ, ಹೆಸರು ನಾಲಿಗೆಗೆ ಹೊರಳದ ನೀಲಿಯೊಂದು.
‘ಅಲ್ಲೇನೂ ಬರೂದಿಲ್ಲ, ಬಿಡು’ ಅಂದರು ಇವರು
ಮದ್ದಿನ ಕಾರ್ಖಾನೆಯ ಬೂಟು ಕಳಚುತ್ತ.

ಗೇಣು ಅಗೆದರೆ ಗುದ್ದಲಿ ಕಿಡಿ ಕಾರುತ್ತದೆ,
ಖಡಕಿ ಅಂತ ಸುಮ್ಮನೆ ಕರೆದರೆ?
ಗೊಬ್ಬರ ಹಾಕಲಿಲ್ಲ. ಇಟ್ಟಿಗೆ ಚೂರು, ಒಂದಿಷ್ಟು ಮರಳು.
ಕುಂಡದಲ್ಲಿ ಬೆಳೆಸಿ ಕಿತ್ತು ನೆಡುವ ಜಾತಿಯಲ್ಲ ಇದು;
ಬೇರು ಮೊದಲು ಕೆಳಗಿಳಿದು ನೋಡಿ ಬಂದು
ಆಮೇಲೆ ಎಲೆಗೆ ಅಪ್ಪಣೆ ಕೊಡುತ್ತದೆ.

ಮೊದಲ ವರುಷ ಚರಿಗೆಯಲ್ಲಿ ನೀರು
ವಾರಕ್ಕೆರಡು ಸಲ, ಆಮೇಲೆ ಒಮ್ಮೆ.
ಎರಡನೆಯ ಏಪ್ರಿಲ್ಲಿಗೆ ನಳ ದಿನ ಬಿಟ್ಟು ದಿನ,
ನಾನು ಮರೆತೆ.
ಅದೂ ನನ್ನನ್ನು ನೆನೆಯಲಿಲ್ಲ.
ಸತ್ತದ್ದು ಒಂದೇ, ಮೂಲೆಯದು:
ಪಾಪ ಅಂತ ದಿನಾ ಅಕ್ಕಿ ತೊಳೆದ ನೀರು ಹೊಯ್ದು
ನಾನೇ ಕೊಳೆಸಿದ್ದು.

ಶ್ರಾವಣ ಕಳೆಯಿತು, ಹಳದಿ.
ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದ ಹಾಗೆ
ಮುಚ್ಚಿಡಲಾಗದ ಹಳದಿ.
ಕರಿದುಂಬಿ ಹೂವನ್ನು ಅಪ್ಪಿ ಹಿಡಿದು
ಗುಂಯ್ಯೆಂದು ಅದುರಿಸಿ ಪುಡಿ ಉದುರಿಸುತ್ತದೆ,
ಸಾಲ ವಸೂಲಿಗೆ ಬಂದ ಹಾಗೆ.

ಘಟಸ್ಥಾಪನೆಯ ಮುಂಜಾನೆ
ಪಕ್ಕದ ಬ್ಲಾಕಿನ ಉಷಾತಾಯಿ ಪೆಂಡಸೆ, ಕೈಯಲ್ಲಿ ತಟ್ಟೆ.
‘ಅಯ್ಯೋ ತರವಡ! ಮಂಡಿಯೆಲ್ಲ ಹುಡುಕಿದೆ.
ಒಂಬತ್ತೂ ದಿನ ಘಟದ ಮಾಲೆಗೆ ಇದೇ ಬೇಕು.’
ಕೊಯ್ದುಕೊಳ್ಳಿ ಅಂದೆ.
ಕೊಯ್ಯುತ್ತ ಕೇಳಿದರು,
ನಿಮ್ಮ ಕಡೆ ಇದಕ್ಕೇನಂತಾರೆ? ಇದರಿಂದ ಏನು ಮಾಡ್ತಾರೆ?

ಆವರಿಕೆ ಅಂತಾರೆ.
ತೊಗಟೆ ಸುಲಿದು, ಕುಟ್ಟಿ, ಗುಂಡಿಯ ನೀರಿಗೆ ಹಾಕಿ
ಎಮ್ಮೆಯ ತೊಗಲು ನೆನೆಯಿಡುತ್ತಾರೆ.
ನನ್ನಜ್ಜನ ಕೈ ಮೊಳಕೈವರೆಗೂ ಕೆಂಪು,
ಗೌಡರ ಕಟ್ಟೆಯ ಮುಂದೆ ಅದನ್ನು
ಧೋತರದಲ್ಲಿ ಅಡಗಿಸುತ್ತಿದ್ದ.
ಅವನು ಹೊಲಿದ ಜೋಡುಗಳು
ಇಲ್ಲಿ ಲಕ್ಷ್ಮೀ ರಸ್ತೆಗೆ ಬರುತ್ತಿದ್ದವು, ಅವನು ಬರಲಿಲ್ಲ.
ಇಷ್ಟೂ ಹೇಳಿದೆ, ಮರಾಠಿಯಲ್ಲಿ, ತಡವರಿಸದೆ.

ಅವರ ಕೈ ಹೂವಿನ ಹತ್ತಿರ ಹೋಗಿ ನಿಂತಿತು.
ದುಂಬಿ ಮಾತ್ರ ತನ್ನ ಕೆಲಸ ಮಾಡುತ್ತಿತ್ತು.
‘ತೊಗಟೆ ಸುಲಿದರೆ ಗಿಡ ಸಾಯೂದಿಲ್ಲವಾ?’
ಬುಡದಿಂದ ಮತ್ತೆ ಚಿಗುರುತ್ತದೆ, ಅಂದೆ.
ತಟ್ಟೆಯ ಹೂ ಒಮ್ಮೆ ಎಣಿಸಿ ಹೋದರು.

ಮರುದಿನ ಬರಲಿಲ್ಲ.
ಗೇಟಿಗೆ ಚಿಲಕ ಹಾಕದೆ ಬಿಟ್ಟಿದ್ದೆ.
ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಸದ್ದು;
ಗಿಡದ ಬಳಿ ಉಷಾತಾಯಿ, ಬರಿಗಾಲಲ್ಲಿ.
ಚಪ್ಪಲಿ ಗೇಟಿನ ಹೊರಗೆ, ಹೊಸವು, ಕೊಲ್ಹಾಪುರಿ.

ಬಗ್ಗಿ ಹೊಲಿಗೆ ನೋಡಿದೆ.
ಯಂತ್ರದ್ದು. ಒಂದು ಮಳೆಗಾಲ ತಡೆಯುವುದಿಲ್ಲ.