ಗೇಟ್ ಪಾಸ್

ಮುಸಫ್ಫಾದ ಹಿಂದಿನ ರಸ್ತೆ, ನಮ್ಮ ಫ್ಯಾಬ್ರಿಕೇಶನ್ ಶೆಡ್ಡು.
ಜುಲೈ. ಹನ್ನೆರಡೂವರೆಯಿಂದ ಮೂರರವರೆಗೆ
ಬಿಸಿಲಲ್ಲಿ ಕೆಲಸ ಕೂಡದೆಂದು ಸರ್ಕಾರದ ಆಜ್ಞೆ.
ತಗಡಿನ ನೆರಳಲ್ಲಿ ಎಲ್ಲರೂ ಬಿದ್ದುಕೊಂಡಾಗ
ಉಗುವಾಕ್ ಒಬ್ಬನೇ
ಲಾರಿಯ ಮುರಿದ ಕಮಾನು ಪಟ್ಟಿ ಕಾಯಿಸುತ್ತಿದ್ದ.

ಹಾಜರಿ ಪುಸ್ತಕದಲ್ಲಿ ಅವನು ಸುಡಾನಿ.
ಅವನ ದೇಶ ಬೇರೆಯಾದದ್ದು ಆ ಪುಸ್ತಕಕ್ಕಿನ್ನೂ ತಿಳಿದಿಲ್ಲ.
ನೆರೆಯ ದಿಂಕಾಗಳು ಜೂರ್ ಎನ್ನುತ್ತಾರಂತೆ, ಅಂದರೆ ಹೊರಗಿನವ.
‘ನಾವು ಲುವೊ’ ಎನ್ನುತ್ತಾನೆ,
ಅಂಗೈಯಲ್ಲಿ ನೀರು ಹಿಡಿದವನ ಎಚ್ಚರದಲ್ಲಿ.

ನಾನು ಸಂಡೂರಿನವನು, ಸ್ಟೋರ್ ಕೀಪರು.
ಕೆಂಪು ಧೂಳು ಉಗುಳುತ್ತಲೇ ಬೆಳೆದರೂ
ಕಬ್ಬಿಣವನ್ನು ಕಂಡದ್ದು ಲಾರಿ ಲೋಡಿನ ಲೆಕ್ಕದಲ್ಲಿ.

ಅವನು ಹೇಳಿದ, ಸುತ್ತಿಗೆ ಎರಡು ಏಟಿನ ನಡುವೆ:
ವಾವ್ ಪಟ್ಟಣದಾಚೆ, ಕಾಡಿನೊಳಗೆ,
ಜೋಳ ಬಿತ್ತುವ ಮುಂಚಿನ ಒಣ ತಿಂಗಳಲ್ಲಿ
ಅಜ್ಜಂದಿರು ಮಣ್ಣಿನ ಕುಲುಮೆ ಕಟ್ಟುತ್ತಿದ್ದರು,
ಹತ್ತು ವರ್ಷದ ಹುಡುಗನಷ್ಟು ಎತ್ತರ.
ಅದಿರು, ಇದ್ದಿಲು, ಮತ್ತೆ ಅದಿರು.
ಕಲ್ಲು ಕರಗಿ ಗುದ್ದಲಿಯಾಗುತ್ತಿತ್ತು.
ಗುದ್ದಲಿ ಎಣಿಸಿ ಹೆಣ್ಣು ತರುತ್ತಿದ್ದರು.

ನೀನು ನೋಡಿದೀಯಾ?
ಇಲ್ಲ. ಹುತ್ತದ ಪಕ್ಕ ಕರೀ ಕಿಟ್ಟದ ಗುಡ್ಡೆ ನೋಡಿದೀನಿ.
ಆಡು ಅದರ ಮೇಲೆ ಹತ್ತಿ ನಿಲ್ಲುತ್ತಿತ್ತು.

ಆಮೇಲೆ ನಕ್ಕ. ನಮ್ಮೂರಲ್ಲಿ ತಿದಿ ಎನ್ನುತ್ತೇವೆ ಎಂದೆ,
ಎರಡು ಕೈ ಆಡಿಸಿ ತೋರಿಸಿದೆ.
ಅವನೂ ಆಡಿಸಿದ, ಅದೇ ಲಯ,
ಅವನ ಮಾತಿನ ಹೆಸರು ನನ್ನ ನಾಲಗೆಗೆ ಹತ್ತಲಿಲ್ಲ.

ನಾಲ್ಕು ದಿನಕ್ಕೆ ಸಿದ್ಧವಾಯಿತು: ಅಗಲ ಬಾಯಿ, ಮೋಟು ಕೊರಳು,
ಕಾವಿಗೆ ಹಾಕಲು ಕಟ್ಟಿಗೆ ಇಲ್ಲ ಇಲ್ಲಿ.
ರಜೆಗೆ ಹೊರಟಿದ್ದಾನೆ, ತಂಗಿ ಆಡುತ್‌ಳ ಹೊಲಕ್ಕೆ.
ಎಳ್ಳು ಬಿತ್ತುತ್ತಾಳಂತೆ, ಅಂಗಡಿಯ ಗುದ್ದಲಿ ಮಡಚಿಕೊಳ್ಳುತ್ತದಂತೆ.

ಗೇಟಿನಲ್ಲಿ ಪಠಾಣ ತಡೆದ.
ಗುಜರಿಯೂ ಕಂಪನಿಯ ಆಸ್ತಿ. ಸ್ಟೋರಿನ ಚೀಟಿ ಬೇಕು.

ವಸ್ತುವಿನ ಹೆಸರು: ತುಂಡು ಕಬ್ಬಿಣ.
ತೂಕ: ಒಂಬೈನೂರು ಗ್ರಾಂ.
ಬೆಲೆ ಎಂಬ ಕಲಂಗೆ ಬಂದಾಗ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಅವನು ಕೌಂಟರಿನ ಮೇಲೆ ಮೊಣಕೈ ಊರಿ
ನಾನು ಬರೆಯುವುದನ್ನು ತಲೆಕೆಳಗಾಗಿ ಓದುತ್ತಿದ್ದ.

ಸೊನ್ನೆ ಎಂದು ಬರೆದೆ. ಸೊನ್ನೆಯಾದರೆ ಮಾತ್ರ
ಮ್ಯಾನೇಜರ್ ಸಹಿ ಬೇಕಿಲ್ಲ.

ಸೊನ್ನೆಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ.
ಚೀಟಿ ಹರಿದು ಕೊಟ್ಟೆ. ಮಡಚಿ, ಪಾಸ್‌ಪೋರ್ಟಿನೊಳಗಿಟ್ಟುಕೊಂಡ.
ಕಬ್ಬಿಣ ಇನ್ನೂ ಬೆಚ್ಚಗಿತ್ತು,
ಬಿಸಿಲಿಗೋ ಏನೋ.