ಹೊಟ್ಟಿಗಿ ಹಾಕ್ಕೋರಿ

ಅಕ್ಕಲಕೋಟಿ ಸರಕಾರಿ ದವಾಖಾನಿ, ಖೋಲಿ ನಂಬರ್ ನಾಲ್ಕು.
ನನ್ನ ಪಗಾರ ಫಿನೈಲಿಗಿ, ಕಸಬರಿಗಿಗಿ.
ಮಾತಿನ ಕೆಲಸಕ್ಕ ರಜಿಸ್ಟರಿನ್ಯಾಗ ಕಾಲಮ್ ಇಲ್ಲ.
ಆದ್ರೂ ಪುಣೆದ ಪೇಂಡಸೆ ಡಾಕ್ಟರಬಾಯಿ
ದಿನಕ್ಕ ಮೂವತ್ತು ಸಲ ಕರೀತಾಳ:
ಮಾವಶಿ, ಈಕಿ ಏನಂತಾಳ?
ಮಾವಶಿ, ಈತ ಯಾಕ ಅಳತಾನ?

ಮೊದಲ ವರ್ಷ ಶಬ್ದಕ್ಕ ಶಬ್ದ ಕೊಟ್ಟೆ,
ಕಿರಾಣಿ ಅಂಗಡ್ಯಾಂವನಂಗ:
ಆ ಕಡಿ ಕಲ್ಲು, ಈ ಕಡಿ ಬೆಲ್ಲ.

ದುಧನಿಯ ಸಾತಲಿಂಗಪ್ಪ, ಹರ್ನಿಯಾದಂವ,
ಪಟಗದ ಚುಂಗಲೆ ಕಣ್ಣೊರಸಿಕೊಂಡು
"ಅಳಿಯಾ ಕೈ ಕೊಟ್ಟ" ಅಂದ.
"ಜಾವಯಾನ ಹಾತ ದಿಲಾ" ಅಂದೆ ನಾ.
ಡಾಕ್ಟರಬಾಯಿ ನಕ್ಕಳು. ಚೀಟಿ ಮ್ಯಾಲ ಬರದಳು:
ಮನಿಯವರ ಆಸರ ಅದ.

ಅವರಲ್ಲಿ ಕೈ ಕೊಟ್ರ, ಬಿದ್ದಾಂವನ್ನ ಎತ್ತಿದಂಗ.
ನಮ್ಮಲ್ಲಿ, ಹಗ್ಗ ಬಿಟ್ಟು ಬಾವಿಯಿಂದ ಹಿಂದ ಸರದಂಗ.
ಇದು ನನಗ ಗೊತ್ತಿತ್ತು.
ಎರಡೂ ಭಾಷಾದಾಗ ಗೊತ್ತಿತ್ತು.
ನಾಲಿಗಿಗಿ ಗೊತ್ತಿರಲಿಲ್ಲ, ಅಷ್ಟ.

ಆಪರೇಷನ್ ದಿನ ಸಹಿ ಹಾಕಲಾಕ ಯಾರೂ ಬರಲಿಲ್ಲ.
ಸಂಜಿ ಎಸ್ಟಿಗಿ ಮುದುಕ ಹ್ವಾದ,
ಹೊಟ್ಟಿ ಹಿಡಕೊಂಡು, ಒಂದೊಂದ ಮೆಟ್ಟಲ.

ಅಲ್ಲಿಂದ ನಾ ಮಾತು ಬಿಟ್ಟು ಮಾರಿ ನೋಡತೀನಿ.
"ಹೊಟ್ಯಾಗ ಬೆಂಕಿ ಬಿದ್ದದ" ಅಂದ್ರ ಕೇಳತೀನಿ:
ಉಂಡ ಮ್ಯಾಲೋ, ನೆಗೆಣ್ಣಿ ಬಂಗಾರ ನೋಡಿದ ಮ್ಯಾಲೋ?
ಉಂಡ ಮ್ಯಾಲಾದ್ರ ಗುಳಿಗಿ ಅದ.
"ಕರಳ ಚುರ್ ಅಂತದ" ಅಂತ
ಮಮ್ಮಗಳ ಮಂಚಕ್ಕ ಆತು ನಿಂತ ಬೋರವ್ವನ ಮಾತಿಗಿ
ಡಾಕ್ಟರಬಾಯಿ ಪೆನ್ನು ತೆಗದಳು: ಯಾವ ಕಡಿಗಿ? ಎಷ್ಟು ದಿನಾತು?
ನಾ ಆ ಪೆನ್ನಿನ ಮ್ಯಾಲ ಕೈ ಇಟ್ಟೆ.
"ಆತಡ ತುಟತಯ, ಬಾಯಿ" ಅಂದೆ.
ನಮ್ಮ ಕರಳು ಸುಡತದ, ಅವರದು ಹರೀತದ;
ಕೂಸಿನ ಜ್ವರ ಮಾತ್ರ ಒಂದ.

ಆ ರಾತ್ರಿ ಜ್ವರ ಏರಿತು. ಬೋರವ್ವ
ಡಾಕ್ಟರಬಾಯಿಗಿ ಅಂದ ಮಾತು
ನಾ ಯಾವ ಭಾಷಾಕೂ ಒಯ್ಯಲಿಲ್ಲ.
"ಏನಂದಳು?" ಅಂದ್ರ, "ನೀರು ಕೇಳಿದಳು" ಅಂದೆ.
ತಂಬಿಗಿ ತಂದು ಕೊಟ್ಟೆ. ಕುಡದಳು ಸೈತ.

ಮುಂಜಾನಿ ಹುಡುಗಿ ಕಣ್ಣು ಬಿಟ್ಟು ಬಿಸ್ಕೀಟ ಕೇಳತು.
ಬೋರವ್ವ ಎರಡೂ ಕೈ ಜೋಡಿಸಿದಳು:
"ಬಾಯಿಗಿ ಬಂದಂಗ ಅಂದೀನ್ರಿ, ಹೊಟ್ಟಿಗಿ ಹಾಕ್ಕೋರಿ."

ಬಾಯಿ ತೆರದೆ. "ಪೋಟಾತ ಘಾಲಾ" ತಯಾರಿತ್ತು,
ಶಬ್ದಕ್ಕ ಶಬ್ದ, ಹೊಟ್ಟಿಗಿ ಹೊಟ್ಟಿ,
ಒಮ್ಮೆಯಾದ್ರೂ ತಕ್ಕಡಿ ಅಲುಗದಂಗ.
ಅಷ್ಟರಾಗ ಡಾಕ್ಟರಬಾಯಿ ಬೋರವ್ವನ ಕೈ ಬಿಡಿಸಿದ್ದಳು:
"ಘಾತಲ, ಆಜಿ. ಘಾತಲ."

ಹೊಟ್ಟಿ! ಈ ಖೋಲ್ಯಾಗ ಆಕಿ ಕಲಿತ
ಮೊದಲನೇ ಕನ್ನಡ ಶಬ್ದ ಅದ ಅಲ್ಲೇನು.
ನನಗ ಕೆಲಸ ಉಳೀಲಿಲ್ಲ.
ಮಂಚದ ಕೆಳಗಿನ ಬಿಸ್ಕೀಟ ಪುಡಿ ಬಳದೆ.

ದುಧನಿ ಎಸ್ಟಿ ಬಂದಾಗೊಮ್ಮೆ ಬಾಗಿಲ ಕಡಿ ನೋಡತೀನಿ.
ಅದ ಮಾತು ಅದ ನನ್ನಲ್ಲಿ, ಸಾತಲಿಂಗಪ್ಪಗ.
ನಡುವ ಯಾರೂ ಬ್ಯಾಡ.
ಮುದುಕ ಇಳೀಬೇಕು, ಅಷ್ಟ.